ಹಿಮಾಲಯ ಯಾವ ಕಡೆ?

ಸ್ವಪರಿಚಯ ಮಾಡಿಕೊಳ್ಳುವ ಕಲೆಯಲ್ಲಿ ನನ್ನನ್ನು ಮೀರಿಸುವವರು ಕುವೈತಿನ ಈ ಮಂಗಫ್‌ನಲ್ಲಿ ಇನ್ನೂ ಹುಟ್ಟಿಲ್ಲ ಎಂದೇ ನಾನು ನಂಬಿದ್ದೆ. ಹಾಗಾಗಿ ನ್ಯೂಜಿಲೆಂಡಿನಿಂದ ಆ ಸಂದೇಶ ಬಂದಾಗ ನನಗೆ ಎಳ್ಳಷ್ಟೂ ಅಳುಕಾಗಲಿಲ್ಲ.

ಈದ್ ರಜೆಗೆ ನಾನು, ಹೆಂಡತಿ ಸುಮಾ, ಮಗಳು ನಿಧಿ ಅಲ್ಲಿನ ಜ್ವಾಲಾಮುಖಿಗಳ ರಾಷ್ಟ್ರೀಯ ಉದ್ಯಾನ ನೋಡಲು ಹೊರಟಿದ್ದೆವು. ನಮ್ಮನ್ನು ಬೆಟ್ಟ ಹತ್ತಿಸಲಿದ್ದ, ಅಲ್ಲಿನ ಮೂಲನಿವಾಸಿ ಮಾವೋರಿ ಜನಾಂಗದ ಗೈಡ್ ಮೊದಲೇ ತಿಳಿಸಿದ್ದರು: ನಮ್ಮಲ್ಲಿ ಹೆಸರು ಹೇಳುವುದು ಕೊನೆಗೆ. ಮೊದಲು ನಿಮ್ಮ ಬೆಟ್ಟ ಯಾವುದು, ನಿಮ್ಮ ನೀರು ಯಾವುದು ಎಂದು ಹೇಳಬೇಕು. ಮಕ್ಕಳೂ ಹೇಳಬೇಕು. ಯೋಚಿಸಿಕೊಂಡು ಬನ್ನಿ.

"ಇಷ್ಟೇನಾ!" ಎಂದೆ. ಪೂಜೆಗೆ ಕೂತರೆ ಯಾವ ನದಿಯ ಯಾವ ದಡ ಎಂದು ಹೇಳಿಯೇ ಸಂಕಲ್ಪ ಮಾಡುವ ವಂಶ ನಮ್ಮದು.

ಮಗಳ ವಿಷಯಕ್ಕೆ ಬಂದಾಗ ಮಾತ್ರ ಮನಸ್ಸು ಭಾರವಾಯಿತು. ನಿಧಿ ಹುಟ್ಟಿದ್ದು ಕುವೈತಿನಲ್ಲೇ. ಇಕಾಮಾ, ಅಂದರೆ ವಾಸದ ಪರವಾನಗಿ, ಇರುವಷ್ಟು ದಿನ ನಮಗಿಲ್ಲಿ ಮನೆ. ಕಂಪನಿ ಖಲಾಸ್ ಅಂದ ದಿನ ಗಂಟುಮೂಟೆ ಕಟ್ಟಬೇಕು. ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಒಂದು ಬೆಟ್ಟ, ಒಂದು ನದಿ ಬೇಡವೇ? ಅಷ್ಟು ಜನರ ಮುಂದೆ ನನ್ನ ಮಗಳು ಏನೂ ಇಲ್ಲದವಳಂತೆ ನಿಂತರೆ? ಈ ಚಿಂತೆ ನನಗೆ ನಿಜವಾಗಿಯೂ ಹತ್ತಿತು.

ನನ್ನೂರು ಮಧುಗಿರಿ ಕಡೆ. ಬೆಟ್ಟವಿದೆ, ಜಯಮಂಗಲಿ ಎಂಬ ನದಿಯೂ ಇದೆ. ಆದರೆ ಹೊರದೇಶದಲ್ಲಿ ಅವು ಯಾರಿಗೆ ಗೊತ್ತು? ಆದ್ದರಿಂದ ಸರ್ವಾನುಮತದಿಂದ, ಅಂದರೆ ನನ್ನೊಬ್ಬನ ಮತದಿಂದ, ಹಿಮಾಲಯ ಮತ್ತು ಕಾವೇರಿ ಆಯ್ಕೆಯಾದವು!

"ರೀ, ನಿಮ್ಮೂರಿಂದ ಕಾವೇರಿ ನೋಡೋಕೆ ಬಸ್ ಹತ್ತಬೇಕು," ಎಂದಳು ಸುಮಾ. "ಇನ್ನು ಹಿಮಾಲಯ ನೀವು ಯಾವಾಗ ನೋಡಿದ್ರಿ?"

"ಕ್ಯಾಲೆಂಡರಲ್ಲಿ ನೋಡಿದೀನಿ."

ನಿಧಿಗೆ ಊಟದ ಹೊತ್ತಿನಲ್ಲಿ, ಕಾರಿನಲ್ಲಿ, ಖೈತಾನಿನ ಗೆಳೆಯರ ಮನೆಯಲ್ಲಿ ಕೂಡ ಬಾಯಿಪಾಠ ಮಾಡಿಸಿದೆ. "ಬಟ್ ಅಪ್ಪಾ, ಇಟ್ಸ್ ನಾಟ್ ಮೈನ್," ಎಂದಳು.

"ದೇಶದ್ದು ಅಂದ್ರೆ ಎಲ್ಲರದ್ದೂ. ಹೇಳು!"

ಆ ದಿನ ಬಂತು. ಬೆಟ್ಟದ ಬುಡದಲ್ಲಿ ಹತ್ತಾರು ಜನ ವೃತ್ತವಾಗಿ ನಿಂತೆವು. ಗೈಡ್ ವಯಸ್ಸಾದ ಹೆಂಗಸು. ಹಿಂದೆ ಹೊಗೆಯಾಡುತ್ತಿದ್ದ ಬೆಟ್ಟವನ್ನು ತೋರಿಸಿ, ಅದು ತಮ್ಮ ಹಿರಿಯ, ತಾವು ಅದರ ಮೊಮ್ಮಗಳು ಎಂದರು. ಮುಂದಿನ ಸರದಿ ನನ್ನದು.

ಎದೆಯುಬ್ಬಿಸಿ, ಹಿಮಾಲಯದ ಎತ್ತರದಿಂದ ಹಿಡಿದು ಋಷಿಮುನಿಗಳವರೆಗೆ ಸವಿಸ್ತಾರವಾಗಿ ಭಾಷಣ ಮಾಡಿದೆ. ಅಜ್ಜಿ ತಾಳ್ಮೆಯಿಂದ ಕೇಳಿ, "ನಿಮ್ಮ ಬೆಟ್ಟ ಯಾವ ಕಡೆ ಇದೆ? ನಾವೂ ತಿರುಗಿ ನಮಸ್ಕರಿಸುತ್ತೇವೆ," ಎಂದರು.

ನನ್ನಂಥ ರಿಫೈನರಿ ಎಂಜಿನಿಯರಿಗೆ ಇದೊಂದು ಪ್ರಶ್ನೆಯೇ? ನಡುಮಧ್ಯಾಹ್ನ. ಸೂರ್ಯನಿಗೆ ಬೆನ್ನು ಹಾಕಿದರೆ ಉತ್ತರ ದಿಕ್ಕು. ಗಂಭೀರವಾಗಿ ಬೆರಳು ಚಾಚಿದೆ. ಜರ್ಮನರು, ಜಪಾನಿಗಳು, ಅಜ್ಜಿ, ಎಲ್ಲರೂ ಅತ್ತ ತಿರುಗಿ ಕಣ್ಣು ಮುಚ್ಚಿ ತಲೆಬಾಗಿದರು. ನನಗೂ ರೋಮಾಂಚನವಾಯಿತು.

ಸುಮಾ ಮೊಬೈಲ್ ನೋಡುತ್ತಾ ಪಿಸುಗುಟ್ಟಿದಳು. "ರೀ, ಆ ಕಡೆ ಅಂಟಾರ್ಟಿಕಾ."

ಭೂಮಿಯ ಆ ಅರ್ಧದಲ್ಲಿ ಮಧ್ಯಾಹ್ನದ ಸೂರ್ಯ ಇರುವುದೇ ಉತ್ತರಕ್ಕೆ! ಇಡೀ ಗುಂಪು ನನ್ನ ಮಾತು ನಂಬಿ ಪೆಂಗ್ವಿನ್‌ಗಳಿಗೆ ನಮಸ್ಕರಿಸಿತ್ತು. ಅವರನ್ನು ಮತ್ತೆ ತಿರುಗಿಸುವ ಧೈರ್ಯ ನನಗೆ ಬರಲಿಲ್ಲ.

ಈಗ ನಿಧಿಯ ಸರದಿ. "ಹಿಮಾಲಯ ಅನ್ನು, ಹಿಮಾಲಯ!" ಎಂದು ಹಲ್ಲು ಕಚ್ಚಿ ಹೇಳಿಕೊಟ್ಟೆ. ಅವಳು ನನ್ನತ್ತ ನೋಡಲೇ ಇಲ್ಲ.

"ನಮ್ಮಲ್ಲಿ ಬೆಟ್ಟ ಇಲ್ಲ," ಎಂದಳು ಇಂಗ್ಲಿಷಿನಲ್ಲಿ, ಅಜ್ಜಿಗೆ ಮಾತ್ರ ಹೇಳುವಂತೆ. "ಎಲ್ಲಾ ಚಪ್ಪಟೆ. ನನ್ನ ನೀರು ನಮ್ಮ ಬಿಲ್ಡಿಂಗ್ ಹಿಂದಿನ ಸಮುದ್ರ. ಉಪ್ಪು ತೆಗೆದು ಅದನ್ನೇ ಕುಡಿಯುತ್ತೇವೆ. ಕಿಟಕಿಯಿಂದ ರಿಫೈನರಿಯ ಬೆಂಕಿ ಕಾಣುತ್ತದೆ. ಅಪ್ಪ ಡ್ಯೂಟಿಗೆ ಹೋದಾಗ, ಅಲ್ಲಿದ್ದಾರೆ ಅಂತ ಅಮ್ಮ ತೋರಿಸುತ್ತಾಳೆ. ಬೆಟ್ಟ ಬೇಕೇ ಬೇಕು ಅಂದರೆ ಅದೇ ಇರಲಿ. ನನ್ನ ಹೆಸರು ನಿಧಿ."

ಅಜ್ಜಿ ಬಗ್ಗಿ, ತಮ್ಮ ಜನರ ವಂದನೆಯ ರೀತಿಯಲ್ಲಿ, ಅವಳ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿದರು. ಸುಮಾ ಕಣ್ಣೊರೆಸಿಕೊಂಡಳು. ಅಷ್ಟಕ್ಕೇ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ!

"ನನ್ನದೂ ಅದೇ ನೀರು," ಎಂದು ಕೈಯೆತ್ತಿಬಿಟ್ಟೆ.

ನಿಧಿ ಆಶ್ಚರ್ಯದಿಂದ ತಿರುಗಿದಳು. "ಬಟ್ ಅಪ್ಪಾ, ಕುವೈತ್ ನಮ್ಮೂರಲ್ಲ ಅಂತ ನೀವೇ ಹೇಳ್ತೀರಲ್ಲ?"

ಅಣಕವಲ್ಲ, ನಿಜವಾಗಿಯೂ ಕೇಳಿದ್ದು. ಹದಿನಾರು ವರ್ಷದಿಂದ ಫೋನಿನಲ್ಲಿ ಎಲ್ಲರಿಗೂ ನಾನು ಹೇಳುತ್ತ ಬಂದದ್ದು ಅದನ್ನೇ. ಮಧುಗಿರಿಯ ಬೆಟ್ಟವನ್ನು ನಾನೇ ಬಿಟ್ಟುಕೊಟ್ಟಿದ್ದೆ. ಹಿಮಾಲಯ ನನ್ನ ಕೈಯಾರೆ ದಕ್ಷಿಣ ಧ್ರುವಕ್ಕೆ ಹೋಗಿತ್ತು. ಏನೂ ಇಲ್ಲದವನಂತೆ ನಿಂತದ್ದು ಮಗಳಲ್ಲ. ಗುಂಪಿನ ಕೊನೆಯಲ್ಲಿ ಏದುಸಿರು ಬಿಡುತ್ತಾ ಬೆಟ್ಟ ಹತ್ತಿದೆ.

ಮಂಗಫ್‌ಗೆ ಮರಳಿದ ಮೊದಲ ಶುಕ್ರವಾರ, "ಯಲ್ಲಾ ಅಪ್ಪಾ, ಬನ್ನಿ," ಎಂದು ನಿಧಿ ನನ್ನನ್ನು ಸಮುದ್ರಕ್ಕೆ ಎಳೆದುಕೊಂಡು ಹೋದಳು. ಯಾವ ಬಿಲ್ಡಿಂಗಿನ ಪಕ್ಕದಲ್ಲಿ ತಿರುಗಬೇಕೆಂದು ನನಗೆ ಗೊತ್ತಿರಲಿಲ್ಲ. ಅವಳೇ ದಾರಿ ತೋರಿಸಿದಳು. ಚಪ್ಪಲಿ ಬಿಡಿಸಿ ನನ್ನನ್ನು ನೀರಿನಲ್ಲಿ ನಿಲ್ಲಿಸಿದಳು. ಆಮೇಲೆ ನೆಟ್ಟಗೆ ನಿಂತು, ಸಮುದ್ರಕ್ಕೆ ನನ್ನನ್ನು ಪರಿಚಯಿಸಿದಳು.

"ಇದು ನಮ್ಮಪ್ಪ. ಹೀ ಈಸ್ ನ್ಯೂ ಹಿಯರ್."