ಕಾಲುಚೀಲದ ಡಾಕ್ಟರಬಾಯಿ

ಕೈಯಲ್ಲಿ ಗೊಂಬೆ ಹಿಡಿದು ಊರೂರು ತಿರುಗುವವಳಿಗೆ ಇಂಥ ಫಜೀತಿ ಆಗದೆ ಇನ್ಯಾರಿಗೆ ಆಗಬೇಕು? ಗೊಂಬೆಯಾಟ ಆಡಿ, ವಿಡಿಯೊ ತೋರಿಸಿ ಹೆಂಗಸರಿಗೆ ಆರೋಗ್ಯದ ವಿಷಯ ಹೇಳುವುದು ನನ್ನ ಕೆಲಸ. ಓದಿದ್ದು ಹತ್ತನೇ ತರಗತಿ. ನಾಲಿಗೆ ಮಾತ್ರ ಅದಕ್ಕೂ ಮುಂದೆ ಓದಿದೆ. ಆದರೆ ಸಂಜೆ ಅಂಗನವಾಡಿಯಿಂದ ಮಗಳನ್ನು ಕರೆದುಕೊಂಡು ಕರಜಗಿಯ ಮನೆಯ ಬೀಗ ತೆಗೆದರೆ, ಒಳಗೆ ಮಾತಾಡಲು ಯಾರೂ ಇಲ್ಲ. ನಮ್ಮನೆಯವರು ಪುಣೆಯಲ್ಲಿ ಕ್ರೇನ್ ನಡೆಸುತ್ತಾರೆ. ಮಗಳಿಗೆ ಆಗ ಮೂರೂವರೆ ವರ್ಷ. ಕಿವಿ ಚುರುಕು, ಆದರೆ ಇನ್ನೂ ಒಂದು ಮಾತೂ ಆಡಿರಲಿಲ್ಲ.

ಮೀಸೆ ಡಾಕ್ಟರು

ನಮ್ಮನೆಯವರು ಬಿಟ್ಟುಹೋದ ಹಳೆಯ ಕಾಲುಚೀಲಕ್ಕೆ ಗುಂಡಿಯ ಕಣ್ಣು, ಕರಿ ಉಣ್ಣೆಯ ಮೀಸೆ ಹೊಲಿದು ಡಾಕ್ಟರನ್ನು ಮಾಡಿದ್ದೆ. ಇಜೇರಿ ಎಂಬ ಊರಲ್ಲಿ ಅದನ್ನು ಕೈಗೆ ಹಾಕಿಕೊಂಡು, "ಮುಟ್ಟಿನಾಗ ಏನರ ತ್ರಾಸ ಐತೇನ್ರಿ?" ಎಂದು ಡಾಕ್ಟರಿಂದ ಕೇಳಿಸಿದೆ. ಹೆಂಗಸರೆಲ್ಲ ತಲೆಮೇಲೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತರು.

"ಯಾಕ್ರಿ ಯವ್ವಾ, ಏನಾತು?"

"ಗಂಡಸರ ಮುಂದ ಇಂಥವೆಲ್ಲ ಹೆಂಗ ಹೇಳೂದು?"

"ಅದು ಕಾಲುಚೀಲ ಬೇ!"

"ಮೀಸಿ ಐತಲ್ಲ?" ಎಂದಳು ಒಬ್ಬ ಅಜ್ಜಿ.

ಅಲ್ಲೇ ಮೀಸೆ ಕಿತ್ತು ಹಣೆಗೆ ಟಿಕಳಿ ಅಂಟಿಸಿದೆ. ಡಾಕ್ಟರು ಡಾಕ್ಟರಬಾಯಿ ಆದರು. ಎರಡು ವರ್ಷದಿಂದ ನನಗೆ ಹೇಳದೆ ಮುಚ್ಚಿಟ್ಟಿದ್ದನ್ನೆಲ್ಲ ಆ ಕಾಲುಚೀಲದ ಮುಂದೆ ಬಿಚ್ಚಿಟ್ಟರು. ಹೊರಡುವಾಗ ಅಜ್ಜಿ ಗೊಂಬೆಯ ಹತ್ತಿರ ಬಾಗಿ, "ಬಾಯಾರ, ಚಾ ಕುಡದ ಹೋಗ್ರಿ" ಎಂದಳು.

ನನಗೆ ಯಾರೂ ಚಾ ಕೇಳಲಿಲ್ಲ.

ಹಿಡಿದ ಉಸಿರು

ಮಣ್ಣೂರಿನಲ್ಲಿ ಮನಸ್ಸಿನ ಭಾರ ಇಳಿಸುವ ಉಸಿರಾಟ ಕಲಿಸಬೇಕಿತ್ತು. ಶಹರದ ಮೇಡಂ ಒಬ್ಬರು ಟ್ಯಾಬ್‌ನಲ್ಲಿ ನೇರವಾಗಿ ಹೇಳಿಕೊಡುತ್ತಿದ್ದರು: "ಉಸಿರು ಒಳಗೆ ತಗೊಳ್ಳಿ... ಹಿಡೀರಿ..." ಅಷ್ಟಕ್ಕೆ ನೆಟ್‌ವರ್ಕ್ ಹೋಯಿತು. ಮೇಡಂ ಗಲ್ಲ ಉಬ್ಬಿಸಿಕೊಂಡು ನಿಂತುಬಿಟ್ಟರು. ಎದುರಿಗಿದ್ದವರೂ ಉಬ್ಬಿಸಿಕೊಂಡೇ ಕೂತರು. ನಾನು ನೆಟ್‌ವರ್ಕ್ ಹುಡುಕುತ್ತ ಮಾಳಿಗೆ ಹತ್ತಿ ಇಳಿದು ಬಂದೆ. ಒಬ್ಬಾಕೆ ಕಣ್ಣು ಮೇಲೆ ಮಾಡಿಕೊಂಡು, ಬಿಡಲೇನು ಎಂದು ಕೈಸನ್ನೆ ಮಾಡುತ್ತಿದ್ದಳು.

"ಬಿಡ್ರಿ ಯವ್ವಾ, ಬಿಡ್ರಿ!"

ಆಕೆ ಉಸ್ಸೆಂದು ಬಿಟ್ಟು ಹೇಳಿದಳು: "ಭಾಳ ಛಲೋ ಐತ್ರಿ ಇದು. ಸಾಯಾಕತ್ತೇನಿ ಅನ್ನೂ ಚಿಂತ್ಯಾಗ ಸೊಸಿ ನೆನಪ ಬರಲಿಲ್ಲ!"

ಬಾಯಾರ ಮಾತು

ಮಾತು ಕಲಿಸುವ ಮೇಡಂ ಒಬ್ಬರಿಗೆ ಮಗಳನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದೆ.

"ಮನೆಯಲ್ಲಿ ಯಾರು ಮಾತಾಡ್ತೀರಿ?" ಎಂದರು.

"ನಾನ್ರಿ."

"ಯಾರ ಜೊತೆ?"

ನಾನು ಪಕ್ಕದಲ್ಲಿದ್ದ ಡಾಕ್ಟರಬಾಯಿಯನ್ನು ಎತ್ತಿ ತೋರಿಸಿದೆ.

"ಹಾಗಾದರೆ ಗೊಂಬೆ ಜೊತೆ ಮಾತಾಡಿ. ಮಗು ಕೇಳಲಿ" ಎಂದರು.

ಅಂದಿನಿಂದ ದಿನಾ ಸಂಜೆ ಡಾಕ್ಟರಬಾಯಿಯೂ ನಾನೂ ಹರಟೆಗೆ ಕೂತೆವು. ನಮ್ಮನೆಯವರು ಫೋನ್ ಮಾಡಿ, "ಊಟ ಆತೇನ?" ಎಂದಷ್ಟೇ ಕೇಳಿ ಇಡುತ್ತಾರೆ. ಅವರಿಗೆ ಹೇಳಬೇಕೆಂದು ಗಂಟಲಲ್ಲೇ ಉಳಿದದ್ದನ್ನೆಲ್ಲ ಬಾಯಾರಿಂದ ಹೇಳಿಸಿದೆ. ನಾಲ್ಕು ತಿಂಗಳು ಮಗಳು ಸುಮ್ಮನೆ ನೋಡಿದಳು. ನನಗೇ ಹುಚ್ಚು ಹಿಡಿಯಿತೇನೋ ಎನ್ನಿಸತೊಡಗಿತ್ತು.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಅವರ ವಿಡಿಯೊ ಕಾಲ್ ಬಂತು. ಹಿಟ್ಟಿನ ಕೈಯಲ್ಲೇ ಒತ್ತಿ, ಫೋನನ್ನು ಡಬ್ಬಿಗೆ ಆನಿಸಿದೆ.

"ಊಟ ಆತೇನ?"

ಮಗಳು ಕಾಲುಚೀಲವನ್ನು ಹೆಗಲವರೆಗೆ ಏರಿಸಿಕೊಂಡು ಫೋನಿನ ಮುಂದೆ ಬಂದು ನಿಂತಳು. ಥೇಟ್ ಬಾಯಾರ ದನಿಯಲ್ಲಿ ಹೇಳಿದಳು:

"ಊಟ ಆತೇನ ಅಂತ ಕೇಳಬ್ಯಾಡ. ಯಾವಾಗ ಬರ್ತಿ, ಅದ ಹೇಳ!"

ಹಂಚಿನ ಮೇಲೆ ರೊಟ್ಟಿ ಕರಿಯಾಯಿತು. ನೆಟ್‌ವರ್ಕ್ ಹೋಯಿತೆಂದುಕೊಂಡೆ, ಇಲ್ಲ, ಅವರ ಕಣ್ಣು ಪಿಳಿಪಿಳಿ ಎನ್ನುತ್ತಿತ್ತು. ಕೊನೆಗೆ, "ಶನಿವಾರ ಬರ್ತೇನ್ರಿ ಬಾಯಾರ" ಎಂದರು.

ಮದುವೆಯಾಗಿ ಐದು ವರ್ಷ. ನನ್ನ ಜೊತೆ ಒಮ್ಮೆಯೂ ಅಷ್ಟು ಮರ್ಯಾದೆಯಿಂದ ಮಾತಾಡದವರು, ತಮ್ಮದೇ ತೂತುಬಿದ್ದ ಕಾಲುಚೀಲಕ್ಕೆ ಕೈಮುಗಿದರು.