ಜೋಳದ ಹೊಲದಲ್ಲಿ ನಾನು ಬ್ಯಾಂಜೋ ಕಲಿತದ್ದು

ಕಲಿಸುವುದು ನನ್ನ ಹೊಟ್ಟೆಪಾಡಾದ್ದರಿಂದ, ಕಲಿಯುವುದು ಎಷ್ಟು ಕಷ್ಟವೆಂಬುದು ನನಗೆ ಬಹಳ ವರ್ಷ ಗೊತ್ತಾಗಲೇ ಇಲ್ಲ. ಮಗ್ಗಿ ತಪ್ಪಿದವನ ಮುಂದೆ ಕೈಕಟ್ಟಿ ನಿಂತು, "ಇದರಾಗ ಏನ ಐತಿ ತಿಳೀಲಾರದ್ದು?" ಎಂದು ಕೇಳುವುದು ಮಾಸ್ತರನಾದವನಿಗೆ ಬಹಳ ಹಗುರವಾದ ಕೆಲಸ. ಅದೇ ಪ್ರಶ್ನೆಯನ್ನು ಯಾರಾದರೂ ತಿರುಗಿ ನಮಗೇ ಕೇಳುವ ಪ್ರಸಂಗ ಬರಬಾರದು, ಅಷ್ಟೆ. ನನಗೆ ಬಂತು. ಕೇಳಿದವಳು ನನ್ನ ಹೆಂಡತಿ ನೀಲವ್ವ. ಆಗ ನನ್ನ ತೊಡೆಯ ಮೇಲೆ ಐದು ತಂತಿಯ ಒಂದು ಬ್ಯಾಂಜೋ ಇತ್ತು.

ಮಮದಾಪುರದ ಕನ್ನಡ ಸಾಲಿ ಮಾಸ್ತರನ ಮನೆಗೆ ಬ್ಯಾಂಜೋ ಹೇಗೆ ಬಂತೆಂದರೆ, ಕುರ್ಚಿಯ ಸಲುವಾಗಿ ಬಂತು. ಗೋಕಾಕದ ಕಡೆ ನೌಕರಿಯಲ್ಲಿದ್ದ ಒಬ್ಬ ಬಿಳಿ ಸಾಹೇಬ ತನ್ನ ದೇಶಕ್ಕೆ ಹೊರಟಿದ್ದಾನೆ, ಮನೆಯ ಸಾಮಾನನ್ನೆಲ್ಲ ಕೂಗಿ ಮಾರಲು ಲಿಲಾವಿಗೆ ಇಟ್ಟಿದ್ದಾನೆ ಎಂದು ಸುದ್ದಿ ಬಂತು. ಕೈಗಳಿರುವ ಕುರ್ಚಿಯಲ್ಲಿ ಒರಗಿ ಕುಳಿತು, ಬಂದವರಿಗೆ "ಬರ್ರಿ, ಕುಂದರ್ರಿ" ಅನ್ನಬೇಕೆಂಬುದು ನನ್ನ ಹಳೆಯ ಆಸೆ. ನಾನು ಹೋಗಿ ಮುಟ್ಟುವ ಹೊತ್ತಿಗೆ ಕುರ್ಚಿಗಳೆಲ್ಲ ಯಾರ ಯಾರದೋ ಚಕ್ಕಡಿ ಏರಿ ಹೋಗಿದ್ದವು. ಸಾಹೇಬನೊಬ್ಬನೇ ಟಾಂಗಾದ ದಾರಿ ಕಾಯುತ್ತ ಮೆಟ್ಟಿಲ ಮೇಲೆ ಕುಳಿತು ಇದನ್ನು ಬಾರಿಸುತ್ತಿದ್ದ. ಹಳ್ಳದ ನೀರು ಸಣ್ಣ ಹರಳುಗಳ ಮೇಲೆ ಓಡಿದಂಥ ನಾದ. ನಾನು ಬಾಯಿ ತೆರೆದು ನಿಂತದ್ದನ್ನು ಕಂಡು ಅವನು ಹತ್ತಿರ ಕರೆದು, ಉಗುರಿನಿಂದ ಹೀಗೆ, ಹೆಬ್ಬೆರಳಿನಿಂದ ಹೀಗೆ ಎಂದು ಕೈಸನ್ನೆಯಿಂದಲೇ ತೋರಿಸಿದ. ಅಷ್ಟರಲ್ಲಿ ಟಾಂಗಾ ಬಂತು. ಅದರ ಕುದುರೆ ನೀರು ಕುಡಿದು ಮುಗಿಸುವುದರೊಳಗೆ ನನ್ನ ಸಂಗೀತ ಶಿಕ್ಷಣವೂ ಮುಗಿಯಿತು. ಕುರ್ಚಿಗೆಂದು ಒಯ್ದ ರೊಕ್ಕ ಸಾಹೇಬನ ಕಿಸೆ ಸೇರಿತು, ಬ್ಯಾಂಜೋ ನನ್ನ ಹೆಗಲು ಸೇರಿತು.

ಮನೆಯ ಕಟ್ಟೆಯ ಮೇಲೆ ಅಪ್ಪ ಕುಳಿತಿದ್ದ. "ಕುರ್ಚಿ ಎಲ್ಲೈತೋ?" ಎಂದ.

"ಕುರ್ಚಿ ಸಿಗಲಿಲ್ಲಪ್ಪಾ. ಇದು ಸಿಕ್ಕಿತು."

"ಇದರ ಮ್ಯಾಲ ಹೆಂಗ ಕುಂದರತಿ?"

ಅಪ್ಪ ಅದನ್ನು ಇಸಿದುಕೊಂಡು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಹಿಂದೆ ಮುಂದೆ ತಿರುವಿ ನೋಡಿದ. ಚರ್ಮ ಬಿಗಿದ ದುಂಡು ಭಾಗವನ್ನು ಬೆರಳಿನಿಂದ ತಟ್ಟಿ, "ಹಲಗಿಗೆ ಹಿಡಿಕಿ ಹಚ್ಯಾರ" ಅಂದ. ಆಮೇಲೆ ಕಣ್ಣು ಐದನೆಯ ತಂತಿಯ ಮೇಲೆ ಬಿತ್ತು. ಅದು ಉಳಿದ ನಾಲ್ಕರಂತೆ ತುದಿಯವರೆಗೆ ಹೋಗುವುದಿಲ್ಲ. ಅರ್ಧ ದಾರಿಯಲ್ಲೇ ಒಂದು ಗೂಟಕ್ಕೆ ಸುತ್ತಿಕೊಂಡು ನಿಂತುಬಿಡುತ್ತದೆ. "ಬಡಿಗ್ಯಾಗ ತಂತಿ ಸಾಲಲಿಲ್ಲ ಕಾಣಸ್ತೈತಿ, ನಡುವ ಗೂಟಾ ಬಡದ ಕೈ ತೊಳಕೊಂಡಾನ" ಎಂದು ತೀರ್ಪು ಕೊಟ್ಟು ವಾದ್ಯವನ್ನು ನನಗೆ ತಿರುಗಿ ಕೊಟ್ಟ.

ನಿಜ ಹೇಳಬೇಕೆಂದರೆ ಎಲ್ಲ ಗುಟ್ಟೂ ಆ ಗಿಡ್ಡ ತಂತಿಯಲ್ಲೇ ಇದೆ, ಎಲ್ಲ ಗೋಳೂ ಅದರಲ್ಲೇ ಇದೆ. ತೋರುಬೆರಳಿನ ಉಗುರು ಬೇರೆ ತಂತಿಗೆ ಬಡಿದು ಕೈ ಮೇಲೇಳುವಾಗ ಹೆಬ್ಬೆರಳು ಅದೊಂದನ್ನು ಮೀಟಿ ಬರಬೇಕು. ಹೇಳಲು ಇಷ್ಟೇ. ಆದರೆ ನನ್ನ ಹೆಬ್ಬೆರಳು ಹುಟ್ಟಿದಾಗಿನಿಂದ ಉಳಿದ ಬೆರಳುಗಳ ಜೊತೆ ಕೂಡಿ ರೊಟ್ಟಿ ಮುರಿಯುತ್ತ ಬೆಳೆದದ್ದು. ಅವಿಭಕ್ತ ಕುಟುಂಬದಲ್ಲಿ ಇದ್ದುಬಿಟ್ಟದ್ದಕ್ಕೆ ಒಮ್ಮೆಲೇ ಬೇರೆ ಒಲೆ ಹೂಡೆಂದರೆ ಹೇಗೆ? ಬೆರಳು ಹೊರಟಾಗ ಅದೂ ಹೊರಡುತ್ತಿತ್ತು, ಬೆರಳು ನಿಂತಾಗ ಅದೂ ನಿಲ್ಲುತ್ತಿತ್ತು. ರೂಢಿಯಾಗಲೆಂದು ಊಟಕ್ಕೆ ಕುಳಿತಾಗಲೂ ಗಂಗಾಳದಲ್ಲಿ ಅದನ್ನೇ ಮಾಡುತ್ತಿದ್ದೆ. ನೀಲವ್ವ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. "ರೊಟ್ಟಿ ಏನ ಮಾಡೇತ್ರಿ ನಿಮಗ, ಅದನ್ನ ಬಡ್ಯಾಕತ್ತೀರಲ್ಲ?" ಎಂದು ಕೇಳಿದಳು. ಅವಳಿಗೆ ವಿವರಿಸಲೆಂದು ಬ್ಯಾಂಜೋ ತಂದು ತೊಡೆಯ ಮೇಲಿಟ್ಟುಕೊಂಡು ತೋರಿಸಿದೆ. ಅವಳು ಗಲ್ಲಕ್ಕೆ ಕೈಹಚ್ಚಿ ನೋಡಿ, "ಹೊಡಿಯೋದು, ಎಳಿಯೋದು. ಇದರಾಗ ಏನ ಐತ್ರಿ ತಿಳೀಲಾರದ್ದು?" ಅಂದಳು.

ಆ ಮಾತು ನನ್ನನ್ನು ಬಹಳ ನೋಯಿಸಿತು. ಅಂದೇ ಮನಸ್ಸಿನಲ್ಲಿ ಒಂದು ಹಟ ಹುಟ್ಟಿತು. ನನಗೆ ಸಭೆ ಬೇಡ, ಶಾಲು ಬೇಡ. ಈ ನೀಲವ್ವ ಒಂದು ದಿನ, ನಾನು ಕೇಳದೆ ತಾನಾಗಿ, 'ಚಲೋ ಆತು' ಅನ್ನಬೇಕು. ಸಾಹೇಬ ಬಾರಿಸಿದ ಆ ಒಂದು ಧಾಟಿ ಬಂದರೆ ಸಾಕು, ಅಂದೇ ಬ್ಯಾಂಜೋ ಗೂಟಕ್ಕೆ ಹಾಕುತ್ತೇನೆ ಎಂದುಕೊಂಡೆ.

ಅಷ್ಟರಲ್ಲಿ ಅಪ್ಪನಿಗೆ ಚರ್ಮದ ವಿಚಾರ ಹೊಳೆಯಿತು. ಲಿಂಗಪೂಜೆ ನಡೆಯುವ ಮನೆ, ಯಾವ ಪ್ರಾಣಿಯ ಚರ್ಮವೋ ಏನೋ ಎಂದು ತಕರಾರು ತೆಗೆದ. "ಮಠದಾಗಿನ ಮದ್ದಲಿಗೆ ಏನ್ ಕುಂಬಳಕಾಯಿ ಸಿಪ್ಪಿ ಹಾಕ್ಯಾರೇನಪ್ಪಾ?" ಎಂದು ನಾನು ವಾದಿಸಿದೆ. "ಮದ್ದಲಿ ಮಠದಾಗ ಐತಿ, ನನ್ನ ತಲಿದಿಂಬಿನ ಬಾಜೂಕ ಇಲ್ಲ" ಎಂದ. ಚರ್ಮವೆಂಬುದು ನೆಪ, ಅವನನ್ನು ಕಾಡಿದ್ದು ನಾದವೆಂದು ನನಗೂ ಗೊತ್ತು. ಆದರೆ ಪುಣ್ಯಕ್ಕೆ ಅದೇ ವೇಳೆಗೆ ಹೊಲದಲ್ಲಿ ಜೋಳದ ತೆನೆಗೆ ಹಾಲು ತುಂಬುತ್ತಿತ್ತು. ಪ್ರತಿ ವರ್ಷ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುತ್ತಿದ್ದವನು ಅಪ್ಪ. ಈ ಸಲ ಅವನ ಬಲಭುಜ ಹಿಡಿದುಕೊಂಡು ಕೈ ಮೇಲೇಳುತ್ತಿರಲಿಲ್ಲ. ನಮ್ಮ ವರ್ಷದ ರೊಟ್ಟಿಯೆಲ್ಲ ಆ ಒಂದು ಹೊಲದಲ್ಲೇ ನಿಂತಿತ್ತು. ನನ್ನ ಕವಣೆಯ ಕಲ್ಲು ಹಕ್ಕಿಗಿಂತ ಹೆಚ್ಚು ಅಪ್ಪನಿಗೇ ತಾಗುವ ಸಂಭವವಿತ್ತು. "ಹಂಗಾರ ಅದನ್ನರ ತಗೊಂಡ ಹೋಗಿ ಅಟ್ಟದ ಮ್ಯಾಲ ಬಡಕೋ. ಮನಿಗೂ ಸುಖಾ, ಹೊಲಕ್ಕೂ ಸುಖಾ" ಎಂದು ಅಪ್ಪನೇ ದಾರಿ ತೋರಿಸಿದ.

ಬೆಳಗಿನ ಸಾಲಿ ಗಂಟೆಗೆ ಮುಂಚೆ ಹೋಗಿ ಅಟ್ಟ ಹತ್ತಿದೆ. ಗುಬ್ಬಿ, ಗಿಣಿ ಎಲ್ಲ ತೆನೆಗಳ ಮೇಲೆ ಬೀಗರಂತೆ ಕುಳಿತಿದ್ದವು. ನಾನು ಶ್ರುತಿ ಹಿಡಿಯಲೆಂದು ಒಂದು ಗೂಟ ತಿರುವಿ ಐದೂ ತಂತಿಯ ಮೇಲೆ ಕೈ ಎಳೆದೆನೋ ಇಲ್ಲವೋ, ಇಡೀ ಹೊಲ ಬುರ್ರೆಂದು ಎದ್ದು ಹಳ್ಳದ ಕಡೆಗೆ ಹಾರಿತು. ಅಪ್ಪ ಬದುವಿನ ಮೇಲೆ ನಿಂತಲ್ಲೇ ತಲೆಯ ಪಟಗಾ ತೆಗೆದು ಬೀಸಿದ. "ಇನ್ನೊಮ್ಮೆ ಹೊಡಿ! ಕವಣಿಗಿಂತ ಇದ ಚಲೋ ಐತಿ" ಎಂದು ಕೂಗಿದ. ನನ್ನ ವಾದನಕ್ಕೆ ಸಿಕ್ಕ ಮೊದಲನೆಯ ಮೆಚ್ಚುಗೆ ಅದು. ಎಂಥದೇ ಇರಲಿ, ಮೆಚ್ಚುಗೆ ಮೆಚ್ಚುಗೆಯೇ. ಅಂದಿನಿಂದ ಬೆಳಿಗ್ಗೆ ಸಂಜೆ ನಾನು ಅಟ್ಟದ ಮೇಲೆ, ಅಪ್ಪ ಬೇವಿನ ನೆರಳಿನಲ್ಲಿ. ನಾನು ತಪ್ಪಿದಷ್ಟೂ ಹೊಲಕ್ಕೆ ಒಳ್ಳೆಯದಾಗುತ್ತಿತ್ತು. ಇಷ್ಟು ಉಪಯೋಗಕ್ಕೆ ಬಿದ್ದ ಶಿಷ್ಯನನ್ನು ಯಾವ ಗುರುವೂ ಕಂಡಿರಲಾರ.

ಆದರೆ ಕಲಿಯುವ ಕೆಲಸದಲ್ಲಿ ಒಂದು ಅಪಾಯವಿದೆ, ವಿದ್ಯೆ ಕೊನೆಗೊಮ್ಮೆ ಬಂದುಬಿಡುತ್ತದೆ. ತೆನೆಯ ಕಾಳು ಗಟ್ಟಿಯಾಗುವ ಹೊತ್ತಿಗೆ ನನ್ನ ಹೆಬ್ಬೆರಳು ಬೇರೆಯಾಯಿತು. ಒಂದು ಸಂಜೆ ಆ ಧಾಟಿ ತಾನಾಗಿ ಕೈಗೆ ಬಂತು. ಉಗುರು ಬಡಿಯಿತು, ಹೆಬ್ಬೆರಳು ಮೀಟಿತು, ಹಳ್ಳದ ನೀರು ಹರಳಿನ ಮೇಲೆ ಓಡಿತು. ನನಗೆ ಕಣ್ಣಲ್ಲಿ ನೀರು ಬಂತು, ಯಾಕೆ ಸುಳ್ಳು ಹೇಳಲಿ. ಅದೇ ಹೊತ್ತಿಗೆ ನೀಲವ್ವ ಮಜ್ಜಿಗೆಯ ಚರಿಗೆ ಹಿಡಿದುಕೊಂಡು ಬದುವಿನ ಮೇಲೆ ಬರುತ್ತಿದ್ದಳು. ನಿಂತಳು. ಚರಿಗೆ ಕೆಳಗಿಟ್ಟು ಅಲ್ಲೇ ಕುಳಿತಳು. ನಾನು ಮುಗಿಸಿದ ಮೇಲೆ ಸೆರಗು ಸರಿಮಾಡಿಕೊಳ್ಳುತ್ತ, "ಇವತ್ತ ಚಲೋ ಆತ್ರಿ" ಅಂದಳು. ನಾನು ಕೇಳಿರಲಿಲ್ಲ. ತಾನಾಗಿ ಅಂದಳು.

ಆ ಸುಖವನ್ನು ಪೂರ್ತಿ ಅನುಭವಿಸಲು ಅಪ್ಪ ಬಿಡಲಿಲ್ಲ. "ಏ ಮೂಳಾ, ಹಿಂದ ನೋಡೋ!" ಎಂದು ಬೇವಿನ ಬುಡದಿಂದ ಒದರಿದ. ತಿರುಗಿ ನೋಡಿದರೆ ಹೊಲದ ತುಂಬ ಹಕ್ಕಿ. ಅಟ್ಟದ ಕಂಬಕ್ಕೆ ತಾಗಿದ ತೆನೆಯಲ್ಲೇ ಒಂದು ಗಿಣಿ ತಲೆ ಅಡ್ಡ ಮಾಡಿಕೊಂಡು ಕಾಳು ಸುಲಿಯುತ್ತಿತ್ತು, ಹಾಡು ಕೇಳುತ್ತ ಅಡಿಕೆ ಜಗಿಯುವ ಗೌಡರ ಹಾಗೆ. "ಅವೂ ಮೆಚ್ಚಿಕೊಂಡಾವಪ್ಪಾ" ಎಂದೆ. "ಮೊದಲ ಹೊಡೀತಿದ್ದೆಲ್ಲ, ಹಂಗ ಹೊಡಿ. ಕೆಟ್ಟದ್ದ ಹೊಡಿ" ಎಂದ ಅಪ್ಪ. ಬೇಕೆಂದೇ ತಪ್ಪಿ ಬಾರಿಸಿದೆ. ಹಕ್ಕಿಗಳು ಅದನ್ನೂ ಕ್ಷಮಿಸಿದವು.

ವರ್ಷದ ರೊಟ್ಟಿಯ ಪ್ರಶ್ನೆ. ಅಪ್ಪ ಅಂದೇ ರುದ್ರಪ್ಪ ಕಾಕಾನ ಮನೆಗೆ ಹೋಗಿ ಮುಯ್ಯಿ ಗೊತ್ತುಮಾಡಿ ಬಂದ. ಕಾಕಾನ ಹೊಲ ಊರಿನ ಆಚೆ ತುದಿಗೆ, ಹಳ್ಳ ದಾಟಿದ ಮೇಲೆ. ಕವಣೆ ಬೀಸುವುದರಲ್ಲಿ ಅವನದು ಎತ್ತಿದ ಕೈ. ಅವನು ನಮ್ಮ ಹೊಲಕ್ಕೆ ಕವಣೆ ತರಬೇಕು, ನಾನು ಅವನ ಹೊಲಕ್ಕೆ ಬ್ಯಾಂಜೋ ಒಯ್ಯಬೇಕು. ಆಳಿಗೆ ಆಳು, ಎತ್ತಿಗೆ ಎತ್ತು ಮುಯ್ಯಿ ಮಾಡುವುದನ್ನು ಊರು ಕಂಡಿತ್ತು, ಕವಣೆಗೆ ಬ್ಯಾಂಜೋ ಅದೇ ಮೊದಲು. "ಬರ್ರಿ ಮಾಸ್ತರ, ನೀವು ಬಂದ್ರ ನನಗ ಆನೀ ಬಲಾ ಬಂದಂಗ" ಎಂದ ಕಾಕಾ. ನನಗೆ ಅವನ ಮೇಲೆ ಮರುಕವೆನಿಸಿತು. ನನ್ನ ಕೈ ಈಗ ಕುದುರಿದೆ, ಹಕ್ಕಿಗಳು ಕೇಳುತ್ತ ಕುಳಿತುಬಿಡುತ್ತವೆ, ಪಾಪ ಇವನ ಜೋಳದ ಗತಿಯೇನು ಎಂದು ಅಳುಕುತ್ತಲೇ ಮರುದಿನ ಬೆಳಿಗ್ಗೆ ಅವನ ಅಟ್ಟ ಹತ್ತಿದೆ. ಕಲಾವಿದನ ಮಾನ ಉಳಿಸಿಕೊಳ್ಳಬೇಕೆಂದು ಆ ಧಾಟಿಯನ್ನೇ, ಒಂದು ತಪ್ಪೂ ಇಲ್ಲದೆ, ಶುರುಮಾಡಿದೆ. ಮೊದಲನೆಯ ಮೀಟಿಗೆ ಅಲ್ಲಿದ್ದ ಹಕ್ಕಿಗಳೆಲ್ಲ ಮದ್ದು ಸಿಡಿದಂತೆ ಎದ್ದವು. ಅಂಥ ಹಾರುವಿಕೆಯನ್ನು ನಮ್ಮ ಹೊಲದಲ್ಲಿ ನಾನು ಮೊದಲನೆಯ ದಿನವೂ ಕಂಡಿರಲಿಲ್ಲ. ಕೆಳಗೆ ಹುಲ್ಲು ಕೊಯ್ಯುತ್ತಿದ್ದ ಕಾಕಾನ ಹೆಂಡತಿ ಕುಡುಗೋಲು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು.

ನಮ್ಮ ಹೊಲದ ಹಕ್ಕಿಗಳು ಮೆಚ್ಚಿರಲಿಲ್ಲ. ಅವುಗಳಿಗೆ ರೂಢಿಯಾಗಿತ್ತು.

ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಯೋಚನೆ ಕಾಡಿತು. ಹಕ್ಕಿಗಳು ಕೇಳಿದ್ದು ಹೊಲದಲ್ಲಿ ಮಾತ್ರ. ನೀಲವ್ವ ಮನೆಯಲ್ಲೂ ಕೇಳಿದ್ದಳು, ಗಂಗಾಳದಲ್ಲೂ ನೋಡಿದ್ದಳು. ಹಾಗಾದರೆ ಅವಳ ಆ 'ಚಲೋ ಆತ್ರಿ'? ಕೇಳಿಯೇ ಬಿಡಬೇಕೆಂದು ಹೊಸ್ತಿಲು ದಾಟಿದೆ. ಅವಳೇ ಮೊದಲು, "ಕಾಕಾನ ಹೊಲದಾಗ ಹೆಂಗಾತ್ರಿ?" ಅಂದಳು.

"ಒಂದ ಹಕ್ಕಿ ಉಳೀಲಿಲ್ಲ."

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಬಹಳ ಅಂತಃಕರಣದಿಂದ, "ಹೋಗ್ಲಿ ಬಿಡ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ. ಅವು ಹೊಸಾ ಹಕ್ಕಿ. ಇನ್ನೊಂದ ನಾಕ ದಿನ ಹೋದ್ರ ಅವಕ್ಕೂ ರೂಢಿ ಆಗ್ತೈತಿ" ಅಂದಳು.

ನಾನು ಕೇಳಬೇಕೆಂದದ್ದನ್ನು ಕೇಳಲಿಲ್ಲ. ಬಿಸಿ ರೊಟ್ಟಿ ಕೊಟ್ಟಳು, ಐದೂ ಬೆರಳು ಕೂಡಿಸಿ ಮುರಿದು ತಿಂದು ಸಾಲಿಗೆ ಹೋದೆ. ಹುಡುಗರು ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿದ್ದರು. ಈ ವರ್ಷ ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಾರೆ, ಒಂದು ತಪ್ಪೂ ಕಿವಿಗೆ ಬೀಳುವುದಿಲ್ಲವಲ್ಲ ಎಂದು ಎಂದಿನಂತೆ ಹೆಮ್ಮೆಪಡಲು ಹೊರಟವನು ಥಟ್ಟನೆ ತಡೆದುಕೊಂಡೆ. ಬರುವ ವಾರ ಹುಕ್ಕೇರಿಯ ಕಡೆಯಿಂದ ಹೊಸ ಇನ್‌ಸ್ಪೆಕ್ಟರ ಸಾಹೇಬರು ಸಾಲಿ ತಪಾಸಣೆಗೆ ಬರುವವರಿದ್ದಾರೆ. ಅವರು ನಮ್ಮ ಹುಡುಗರ ಮಗ್ಗಿಯನ್ನು ಇದುವರೆಗೆ ಕೇಳಿಲ್ಲ.