ಶರಣು ಅಂದವರೆಲ್ಲ ಒಳಗೆ

ನನಗೆ ಯಾರ ಮೇಲೂ ಸಂಶಯಪಡಲು ಬರುವುದಿಲ್ಲ. ಇದೊಂದು ಗುಣವೆಂದೇ ತಿಳಿದು ಆಳಂದದಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದೆ. ಎಷ್ಟೋ ಹುಡುಗರ ಹೊಟ್ಟೆನೋವನ್ನು ನಂಬಿ ರಜೆ ಕೊಟ್ಟೆ. ನಿವೃತ್ತನಾಗಿ ಹೆಂಡತಿ ಮಹಾದೇವಿಯ ತವರು ಮಣ್ಣೂರಿಗೆ ಬಂದ ಮೇಲೆ ಅವಳು ಹಟ ಹಿಡಿದು ಹೊಲದಲ್ಲಿ ನಿಂಬೆ ಸಸಿ ಹಚ್ಚಿದಳು. ನನ್ನ ಪಾಲಿನ ಸೇವೆ ಸೆನ್ಸರ್. ಹತ್ತು ಪುಟ್ಟ ಪೆಟ್ಟಿಗೆಗಳು ಮಣ್ಣಿನ ತೇವ ಅಳೆದು, ತಂತಿಯಿಲ್ಲದೆ ತಮ್ಮತಮ್ಮಲ್ಲೇ ಮಾತಾಡಿಕೊಂಡು, ನೆಲ ಒಣಗಿದರೆ ತಾವೇ ಮೋಟರ್ ಚಾಲು ಮಾಡುತ್ತವೆ. ಸುದ್ದಿ ನನ್ನ ಮೊಬೈಲಿಗೆ ಬರುತ್ತದೆ. ಕಟ್ಟೆಯ ಮೇಲೆ ಕೂತು ಒಕ್ಕಲುತನ ಮಾಡುವ ಸುಖ ನನ್ನದು.

ಪೆಟ್ಟಿಗೆಗಳನ್ನು ಜೋಡಿಸುವಾಗ ಪಾಸ್‌ವರ್ಡ್ ಕೇಳಿತು, "ಶರಣು" ಎಂದಿಟ್ಟೆ. ಮರೆಯುವ ಭಯವಿಲ್ಲ ನೋಡಿ. ನಮ್ಮ ಕಡೆ ಯಾರೇ ಬಂದು "ಶರಣ್ರಿ" ಅಂದರೆ "ಶರಣಾರ್ಥಿ, ಬರ್ರಿ" ಎಂದು ಒಳಗೆ ಕರೆದು, ಚಹಾ ಕುಡಿಸಿ, ಆಮೇಲೆ ಯಾರೆಂದು ಕೇಳುವುದು. ಒಮ್ಮೆ ಒಬ್ಬರು ಊಟವನ್ನೂ ಮುಗಿಸಿ ಹೋದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಈ ಬೇಸಿಗೆಯಲ್ಲಿ ಸಸಿಗಳ ಎಲೆ ಮುದುಡತೊಡಗಿತು. ಮಹಾದೇವಿ ಮಣ್ಣಿನಲ್ಲಿ ಬೆರಳಿಟ್ಟು ನೋಡಿ ಬಂದು, "ನೆಲ ಒಣಗ್ಯದ, ನೀರು ಬಿಡ್ರಿ" ಅಂದಳು.

"ಹಸಿ ಅದ ಅಂತ ತೋರಸಾಕತ್ತದ ನೋಡು" ಎಂದು ಮೊಬೈಲ್ ಹಿಡಿದೆ.

"ಮೊಬೈಲಿಗೇನು ಬೇರು ಬಿಟ್ಟಾವೇನ್ರಿ?"

ವಿಜ್ಞಾನದ ಮಾಸ್ತರ ನಾನು, ಬಗ್ಗಲಿಲ್ಲ. ನಾಲ್ಕು ದಿನಕ್ಕೆ ಅರ್ಧ ಸಸಿಗಳು ಒಣಗಿ ಹೋದವು. ಅವಳು ಒಣಗಿದ್ದನ್ನೆಲ್ಲ ಒಂದೊಂದಾಗಿ ಕಿತ್ತು ಬದುವಿನ ಮೇಲೆ ಒಟ್ಟಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಜೇವರ್ಗಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನ ಹಳೆಯ ವಿದ್ಯಾರ್ಥಿನಿ ಶಾಹೀನ್‌ಳನ್ನು ಕರೆಸಿದೆ. ಲ್ಯಾಪ್‌ಟಾಪ್ ನೋಡುತ್ತ ಅವಳು, "ಸರ, ನಿಮ್ಮ ಪೆಟ್ಟಿಗಿ ಹತ್ತು ಅಲ್ರೀ? ಇಲ್ಲಿ ಹನ್ನೊಂದು ಮಾತಾಡಾಕತ್ತಾವ" ಅಂದಳು. ಯಾರೋ ಕಿಡಿಗೇಡಿ ಶರಣು ಅಂದು ಒಳಹೊಕ್ಕು, ನಮ್ಮ ಪೆಟ್ಟಿಗೆಗಳ ಹೆಸರಿನಲ್ಲಿ ಹಸಿ, ಹಸಿ ಎಂದು ಸುಳ್ಳು ಹೇಳುತ್ತಿದ್ದ. ಅವನು ಯಾರೆಂದು ಗೊತ್ತಾಗಲಿಲ್ಲ. ಶಾಹೀನ್ ಆ ಹನ್ನೊಂದನೆಯದನ್ನು ಹೊರಗೆ ಹಾಕಿ, ಒಂದೊಂದು ಪೆಟ್ಟಿಗೆಗೂ ಬೇರೆ ಬೇರೆ ಗುಟ್ಟಿನ ಕೀಲಿ ಕೊಟ್ಟು, ನನ್ನ ನಾಲಿಗೆ ಹೊರಳದಂಥ ಪಾಸ್‌ವರ್ಡ್ ಇಟ್ಟಳು. "ಇನ್ನ ಯಾವುದೇ ಒಂದರ ಮಾತು ನಂಬಬ್ಯಾಡ್ರಿ ಸರ. ಅದು ಹಸಿ ಅಂದ್ರ ಬಾಜೂದ್ದನ್ನೂ ಕೇಳ್ರಿ. ಎರಡೂ ಕೂಡಿದ್ರ ಖರೆ." ಚಹಾ ತಂದ ಮಹಾದೇವಿ ಇದನ್ನು ಬಹಳ ಲಕ್ಷ್ಯಗೊಟ್ಟು ಕೇಳಿದಳು.

ಉಳಿದ ಸಸಿಗಳು ಚಿಗುರಿವೆ. ಆದರೆ ಆ ನಿಯಮ ತೋಟದಲ್ಲೇ ನಿಲ್ಲಲಿಲ್ಲ. ನಿನ್ನೆ ಬೆಳಿಗ್ಗೆ ಮಹಾದೇವಿ, "ಬಿಪಿ ಗುಳಿಗಿ ತಗೊಂಡ್ರೇನು?" ಎಂದಳು.

"ಹೂಂ, ತಗೊಂಡೇನಿ."

ಅವಳು ಒಳಗೆ ಹೋಗಿ, ಗುಳಿಗೆಯ ಪಟ್ಟಿ ತಂದು ನನ್ನೆದುರಿಗೇ ಎಣಿಸಿದಳು. ಒಂದು ಹೆಚ್ಚಿತ್ತು. ನಾನು ನೀರು ಕೇಳಿದೆ.